ಹೊಗೆಯ ಬಣ್ಣ ಹೇಳುವ ರೋಗ
(ಹಳೆಯ ಡೀಸೆಲ್ ವಾಹನಗಳ ಹೊಗೆಯನ್ನು ಕುರಿತ ಉಪನ್ಯಾಸದ ಬರಹರೂಪ)



ಬಸ್ಸು ಬಾರದ ಮಲೆನಾಡಿನ ಊರುಗಳಿಗೆ ಹಳೆಯ ಜೀಪೇ ಜೀವನಾಡಿ. ಅಡಿಕೆ ಮೂಟೆ ಪೇಟೆಗೆ ಹೋಗುವುದೂ, ಗರ್ಭಿಣಿ ಆಸ್ಪತ್ರೆಯನ್ನು ತಲುಪುವುದೂ, ಮಕ್ಕಳು ಶಾಲೆಯ ಬಾಗಿಲು ಕಾಣುವುದೂ ಅದರಿಂದಲೇ. ಎರಡು ಮೂರು ಲಕ್ಷ ಕಿಲೋಮೀಟರ್ ಕ್ರಮಿಸಿದ ಇಂಥ ವಾಹನವೊಂದು ಘಾಟಿ ಏರುವಾಗ ಹೊಗೆ ಉಗುಳತೊಡಗಿತೆಂದರೆ ಎರಡು ಬಗೆಯ ತೀರ್ಪುಗಳು ಕೇಳಿಬರುತ್ತವೆ. ಪೇಟೆಯ ಪರಿಸರಪ್ರೇಮಿ ‘ಇದನ್ನು ಗುಜರಿಗೆ ಹಾಕಿ’ ಎನ್ನುತ್ತಾನೆ. ಅವಸರದ ಮೆಕ್ಯಾನಿಕ್ ‘ಎಂಜಿನ್ ಇಳಿಸಿ ಬೋರ್ ಮಾಡಿಸಬೇಕು’ ಎನ್ನುತ್ತಾನೆ. ಮೊದಲನೆಯದರಿಂದ ಊರಿನ ಸಂಚಾರ ನಿಲ್ಲುತ್ತದೆ. ಎರಡನೆಯದರಿಂದ ಬಡ ಮಾಲೀಕನ ಒಂದು ವರ್ಷದ ಉಳಿತಾಯ ಕರಗುತ್ತದೆ. ಎರಡೂ ತೀರ್ಪುಗಳಿಗೆ ಮುನ್ನ ಆಗಬೇಕಾದ ಕಾರ್ಯವೊಂದಿದೆ. ಅದು ರೋಗನಿದಾನ.

ಹೊಗೆಯೆಂಬುದು ಒಂದೇ ವಸ್ತುವಲ್ಲ. ಕಪ್ಪು ಹೊಗೆ ಅರ್ಧ ಸುಟ್ಟ ಇಂಧನದ ಮಸಿ. ನೀಲಿ ಹೊಗೆ ಸುಡುತ್ತಿರುವ ಎಂಜಿನ್ ಆಯಿಲ್. ಬಿಳಿಯ ಹೊಗೆ ನೀರಿನ ಆವಿಯಾಗಿರಬಹುದು ಇಲ್ಲವೇ ಸುಡದೆ ಹೊರಬಿದ್ದ ಡೀಸೆಲ್ಲಿನ ಮಂಜಾಗಿರಬಹುದು. ಮೂರಕ್ಕೂ ಕಾರಣ ಬೇರೆ, ಚಿಕಿತ್ಸೆ ಬೇರೆ, ವೆಚ್ಚ ಬೇರೆ. ಕೆಲವು ನೂರು ರೂಪಾಯಿಗಳಲ್ಲಿ ಮುಗಿಯಬೇಕಾದ ಕೆಲಸಕ್ಕೆ ಹತ್ತಾರು ಸಾವಿರ ಸುರಿಯುವುದೂ, ತುರ್ತಾಗಿ ಬಿಚ್ಚಬೇಕಾದ ಎಂಜಿನ್ನನ್ನು ‘ಹಳೆಯ ಗಾಡಿ, ಹೊಗೆ ಸಹಜ’ ಎಂದು ಓಡಿಸಿ ಕೆಡಿಸುವುದೂ ಈ ಭೇದವನ್ನು ಅರಿಯದ ಕಾರಣದಿಂದಲೇ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗೆ ಎಳೆದ ಗಾಳಿಯನ್ನು ಪಿಸ್ಟನ್ ತನ್ನ ಮೊದಲಿನ ಗಾತ್ರದ ಸುಮಾರು ಇಪ್ಪತ್ತನೇ ಒಂದು ಪಾಲಿಗೆ ಒತ್ತುತ್ತದೆ. ಆ ಒತ್ತಡದಿಂದ ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆಗ ನಾಜಲ್ ಸಿಂಪಡಿಸುವ ಡೀಸೆಲ್ಲಿನ ಸೂಕ್ಷ್ಮ ಹನಿಗಳು ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಒಂದು ಕಿಲೋ ಡೀಸೆಲ್ ಪೂರ್ಣವಾಗಿ ಉರಿಯಲು ಹದಿನಾಲ್ಕೂವರೆ ಕಿಲೋದಷ್ಟು ಗಾಳಿ ಬೇಕು. ಸಾಕಷ್ಟು ಗಾಳಿ, ಸಾಕಷ್ಟು ಒತ್ತಡ, ಸರಿಯಾದ ಸಿಂಪರಣೆ, ಸರಿಯಾದ ಸಮಯ ಎಂಬ ಈ ನಾಲ್ಕರಲ್ಲಿ ಒಂದು ತಪ್ಪಿದರೂ ಅದರ ಸುದ್ದಿ ಸೈಲೆನ್ಸರಿನ ಬಾಯಲ್ಲಿ ಪ್ರಕಟವಾಗುತ್ತದೆ.

ನಿದಾನದ ಮೊದಲ ಹೆಜ್ಜೆ ನೋಡುವುದು; ಬಿಚ್ಚುವುದಲ್ಲ. ಹೊಗೆಯ ಬಣ್ಣದಷ್ಟೇ ಅದು ಕಾಣಿಸಿಕೊಳ್ಳುವ ಸಮಯವೂ ಮುಖ್ಯ. ಬೆಳಗಿನ ತಣ್ಣನೆಯ ಎಂಜಿನ್ನಿನಲ್ಲಿ ಬರುವ ಹೊಗೆ, ಏರಿನಲ್ಲಿ ಭಾರ ಎಳೆಯುವಾಗ ಬರುವ ಹೊಗೆ, ಇಳಿಜಾರು ಮುಗಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಬರುವ ಹೊಗೆ, ನಿಂತಲ್ಲೇ ಬರುವ ಹೊಗೆ, ಇವನ್ನು ಪ್ರತ್ಯೇಕವಾಗಿ ಗುರುತಿಸಬೇಕು. ಚಾಲಕನಿಗೆ ಇದು ಕಾಣದು. ಹಿಂದಿನಿಂದ ಮತ್ತೊಂದು ವಾಹನದಲ್ಲಿ ಬರುವವನು ನೋಡಿ ಹೇಳಬೇಕು. ವಾಸನೆಯೂ ಸಾಕ್ಷಿಯೇ: ಕಣ್ಣು ಉರಿಸುವ ಹಸಿ ಡೀಸೆಲ್ಲಿನ ನಾತ, ಸುಟ್ಟ ಎಣ್ಣೆಯ ಕಮಟು, ಕೂಲೆಂಟಿನ ತುಸು ಸಿಹಿ ವಾಸನೆ, ಮೂರೂ ಒಂದನ್ನೊಂದು ಹೋಲುವುದಿಲ್ಲ.

ಕಪ್ಪು ಹೊಗೆಯನ್ನು ಮೊದಲು ಪರಿಶೀಲಿಸಬಹುದು. ಇದರ ಅರ್ಥ ಸರಳ: ಗಾಳಿ ಕಡಿಮೆ ಇಲ್ಲವೇ ಡೀಸೆಲ್ ಹೆಚ್ಚು. ಆದುದರಿಂದ ಏರ್ ಫಿಲ್ಟರಿನಿಂದಲೇ ಆರಂಭಿಸುವುದು ಕ್ರಮ. ಬೇಸಗೆಯ ಮಣ್ಣುರಸ್ತೆಯ ಧೂಳು, ಮಳೆಗಾಲದ ತೇವ ಎರಡೂ ಕಾಗದದ ಫಿಲ್ಟರನ್ನು ಕಟ್ಟಿಸುತ್ತವೆ. ಅನಂತರ ಟರ್ಬೊ ಇರುವ ವಾಹನದಲ್ಲಿ ಗಾಳಿಯ ಹೋಸ್ ಬಿರಿದಿದೆಯೇ, ಕ್ಲಾಂಪ್ ಸಡಿಲವಾಗಿದೆಯೇ ಎಂದು ನೋಡಬೇಕು. ಚಕ್ರ ಬಿಸಿಯಾಗುವಷ್ಟು ಬ್ರೇಕ್ ಹಿಡಿದುಕೊಂಡಿರುವುದು, ಟಯರಿನಲ್ಲಿ ಗಾಳಿ ಕಡಿಮೆಯಿರುವುದು, ಮಿತಿಮೀರಿದ ಹೊರೆ, ಎರಡನೇ ಗೇರಿನಲ್ಲಿ ಏರಬೇಕಾದ ಏರನ್ನು ಮೂರನೆಯದರಲ್ಲಿ ಏರುವ ಹಟ, ಇವೆಲ್ಲವೂ ಎಂಜಿನ್ನಿಗೆ ಅನಗತ್ಯ ಭಾರ ಹೇರಿ ಮಸಿ ಉಗುಳಿಸುತ್ತವೆ. ಇಷ್ಟೂ ಪರೀಕ್ಷೆಗಳಿಗೆ ತಗಲುವ ವೆಚ್ಚ ಅತ್ಯಲ್ಪ.

ಇವೆಲ್ಲ ಸರಿಯಿದ್ದೂ ಹೊಗೆ ನಿಲ್ಲದಿದ್ದರೆ ಸರದಿ ನಾಜಲ್‌ಗಳದು. ತೂತು ಸವೆದ ನಾಜಲ್ ಡೀಸೆಲ್ಲನ್ನು ಮಂಜಿನಂತೆ ಸಿಂಪಡಿಸುವ ಬದಲು ಹನಿಹನಿಯಾಗಿ ತೊಟ್ಟಿಕ್ಕಿಸುತ್ತದೆ. ದೊಡ್ಡ ಹನಿ ಒಳಗಿನವರೆಗೆ ಸುಡದೆ ಮಸಿಯಾಗುತ್ತದೆ. ನಾಜಲ್‌ಗಳನ್ನು ಬಿಚ್ಚಿ ಪಂಪ್ ರಿಪೇರಿ ಅಂಗಡಿಯ ಪರೀಕ್ಷಾ ಯಂತ್ರದಲ್ಲಿ ನೋಡಿಸಿದರೆ ಸಂಶಯ ನಿವಾರಣೆಯಾಗುತ್ತದೆ. 1950ರ ದಶಕದಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಸ್ಥಾಪಿಸಿ 2008ರಲ್ಲಿ ಬಾಷ್ ಎಂಬ ಹೆಸರು ತಳೆದ ಮೈಕೋ ಸಂಸ್ಥೆಯ ಪಂಪು, ನಾಜಲ್‌ಗಳು ಕರ್ನಾಟಕಕ್ಕೆ ಅಪರಿಚಿತವಲ್ಲ. ಅವನ್ನು ಬಲ್ಲ ಕುಶಲಿಗರು ಜಿಲ್ಲಾ ಕೇಂದ್ರಗಳಲ್ಲಿ ಇದ್ದಾರೆ. ಹೆಚ್ಚು ಎಳೆತ ಬರಲೆಂದು ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಏರಿಸಿದ್ದರೆ ಅದನ್ನು ಮೊದಲಿನ ಅಳತೆಗೆ ಇಳಿಸುವುದೂ ಅದೇ ಅಂಗಡಿಯ ಕೆಲಸ.

ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವೊಂದು ಇಲ್ಲಿದೆ. ಸಮುದ್ರಮಟ್ಟಕ್ಕೆ ಹೋಲಿಸಿದರೆ 1000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸುಮಾರು ಹತ್ತನೇ ಒಂದು ಪಾಲಿನಷ್ಟು ಕಡಿಮೆ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಆರನೇ ಒಂದು ಪಾಲಿನಷ್ಟು ಕಡಿಮೆ. ಹಳೆಯ ಯಾಂತ್ರಿಕ ಪಂಪಿಗೆ ಈ ವ್ಯತ್ಯಾಸ ತಿಳಿಯದು. ಅದು ಮಂಗಳೂರಿನಲ್ಲಿ ಕೊಟ್ಟಷ್ಟೇ ಡೀಸೆಲ್ಲನ್ನು ಚಾರ್ಮಾಡಿ ಘಾಟಿಯ ನೆತ್ತಿಯಲ್ಲೂ ಕೊಡುತ್ತದೆ. ಟರ್ಬೊ ಇಲ್ಲದ ಎಂಜಿನ್ ಮೇಲೇರಿದಂತೆ ಕಪ್ಪಾಗಿ ಉಸಿರಾಡಲು ಇದೂ ಒಂದು ಕಾರಣ. ಕರಾವಳಿಯಲ್ಲಿ ಪಂಪ್ ಹೊಂದಿಸಿದ ವಾಹನವನ್ನು ಬೆಟ್ಟದ ಮೇಲೆ ದುಡಿಸುವವರು ಈ ಸಂಗತಿಯನ್ನು ಮೆಕ್ಯಾನಿಕ್‌ಗೆ ತಿಳಿಸುವುದು ಒಳಿತು.

ಬಿಳಿಯ ಹೊಗೆಯಲ್ಲಿ ಮೂರು ವಿಧ. ಚಳಿಗಾಲದ ಬೆಳಿಗ್ಗೆ ಕೆಲವು ನಿಮಿಷ ತೆಳುವಾಗಿ ಬಂದು ಕರಗುವುದು ನೀರಿನ ಆವಿ. ಅದಕ್ಕೆ ಚಿಕಿತ್ಸೆ ಬೇಡ. ಎಂಜಿನ್ ಕಾಯುವವರೆಗೆ ಕಣ್ಣುರಿಸುವ ವಾಸನೆಯೊಡನೆ ಬರುವುದು ಸುಡದ ಡೀಸೆಲ್. ಹೀಟರ್ ಪ್ಲಗ್ ಇರುವ ಎಂಜಿನ್ನಿನಲ್ಲಿ ಒಂದೆರಡು ಪ್ಲಗ್ ಸತ್ತಿರಬಹುದು. ಪಂಪಿನ ಟೈಮಿಂಗ್ ಹಿಂದೆ ಬಿದ್ದಿರಬಹುದು. ಒಂದು ಸಿಲಿಂಡರಿನ ಒತ್ತಡ ಕುಗ್ಗಿರಬಹುದು. ಯಾವ ಸಿಲಿಂಡರ್ ಎಂಬುದನ್ನು ಅರಿಯಲು, ಹಳೆಯ ಯಾಂತ್ರಿಕ ಪಂಪಿನ ಎಂಜಿನ್ನುಗಳಲ್ಲಿ ನಿಂತಲ್ಲೇ ಓಡುತ್ತಿರುವಾಗ ಒಂದೊಂದೇ ನಾಜಲ್ ಪೈಪಿನ ನಟ್ಟನ್ನು ಸಡಿಲಿಸಿ ನೋಡುವ ರೂಢಿಯಿದೆ. ಒಳ್ಳೆಯ ಸಿಲಿಂಡರಿನದನ್ನು ಸಡಿಲಿಸಿದರೆ ಎಂಜಿನ್ ತಡವರಿಸುತ್ತದೆ. ಕೆಟ್ಟದ್ದನ್ನು ಸಡಿಲಿಸಿದರೆ ಓಟ ಬದಲಾಗದೆ ಹೊಗೆ ಇಳಿಯುತ್ತದೆ. ಇದು ಅನುಭವಿಗಳು ಮಾತ್ರ ಮಾಡಬೇಕಾದ ಕೆಲಸ. ಆ ಪೈಪಿನೊಳಗಿನ ಡೀಸೆಲ್ ಚರ್ಮವನ್ನು ಸೀಳಿ ಒಳನುಗ್ಗುವಷ್ಟು ಒತ್ತಡದಲ್ಲಿರುತ್ತದೆ. ಇತ್ತೀಚಿನ ಕಾಮನ್‌ರೇಲ್ ಎಂಜಿನ್ನುಗಳಲ್ಲಿ ಒತ್ತಡ ವಾತಾವರಣದ ಸಾವಿರ ಪಟ್ಟನ್ನೂ ಮೀರುವುದರಿಂದ ಅಲ್ಲಿ ಈ ವಿಧಾನ ಸರ್ವಥಾ ನಿಷಿದ್ಧ.

ಮೂರನೆಯ ಬಗೆಯ ಬಿಳಿ ಹೊಗೆ ಅಪಾಯದ ಸೂಚನೆ. ಎಂಜಿನ್ ಕಾದ ಮೇಲೂ ದಟ್ಟವಾಗಿ ಬರುತ್ತಿದ್ದರೆ, ಎಲ್ಲಿಯೂ ಸೋರಿಕೆ ಕಾಣದೆ ರೇಡಿಯೇಟರಿನ ನೀರು ಇಳಿಯುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಒಡೆದಿದೆ ಇಲ್ಲವೇ ಹೆಡ್ ಬಿರುಕು ಬಿಟ್ಟಿದೆ ಎಂಬ ಸಂಶಯ ಬಲವಾಗುತ್ತದೆ. ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದು ಎಂಜಿನ್ ಚಾಲೂ ಮಾಡಿದಾಗ ನೀರಿನಲ್ಲಿ ನಿರಂತರ ಗುಳ್ಳೆ ಏಳುವುದು ಇನ್ನೊಂದು ಸಾಕ್ಷಿ. ಬಿಸಿಯಿರುವಾಗ ಆ ಮುಚ್ಚಳವನ್ನು ಮುಟ್ಟಲೇಬಾರದು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ವಾಹನವನ್ನು ಅಲ್ಲಿಯೇ ನಿಲ್ಲಿಸಬೇಕು. ಆದರೆ ಮಲೆನಾಡಿನ ಮಳೆಗಾಲದಲ್ಲಿ, ಸಣ್ಣ ದೂರಗಳಿಗೆ ಮಾತ್ರ ಓಡುವ ಗಾಡಿಗಳ ಆಯಿಲ್ ಮುಚ್ಚಳದ ಒಳಬದಿಯಲ್ಲಿ ತೇವಾಂಶದಿಂದಲೇ ತೆಳುವಾದ ಬಿಳಿ ಪದರ ಕಟ್ಟುವುದುಂಟು. ಅಷ್ಟನ್ನೇ ಕಂಡು ಹೆಡ್ ಬಿಚ್ಚಿಸುವುದು ದುಡುಕು.

ನೀಲಿ ಹೊಗೆ ಎಂದೊಡನೆ ಪಿಸ್ಟನ್ ರಿಂಗ್ ಸವೆದಿದೆ ಎಂಬ ತೀರ್ಮಾನಕ್ಕೆ ಹಾರುವುದೂ ಅಷ್ಟೇ ದುಡುಕು. ಆಯಿಲ್ ಮಟ್ಟ ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಯನ್ನು ಮೀರಿದ್ದರೂ ನೀಲಿ ಹೊಗೆ ಬರುತ್ತದೆ. ಎಂಜಿನ್ನಿನ ಉಸಿರುಕೊಳವೆಯಾದ ಬ್ರೀದರ್ ಕಟ್ಟಿದರೂ ಬರುತ್ತದೆ. ಹಳೆಯ ಜೀಪುಗಳ ಏರ್ ಕ್ಲೀನರಿನ ತಳದಲ್ಲಿ ಎಣ್ಣೆಯ ಬಟ್ಟಲಿರುತ್ತದೆ. ಅದರಲ್ಲಿ ಗುರುತು ಮೀರಿ ಎಣ್ಣೆ ತುಂಬಿಸಿದರೆ ಎಂಜಿನ್ ಆ ಎಣ್ಣೆಯನ್ನೇ ಎಳೆದುಕೊಂಡು ಸುಡುತ್ತದೆ. ಈ ಮೂರನ್ನು ನೋಡಲು ಐದು ನಿಮಿಷ ಸಾಕು.

ಅನಂತರವೂ ಸಂಶಯ ಉಳಿದರೆ ಹೊಗೆಯ ಸಮಯವನ್ನು ಗಮನಿಸಬೇಕು. ರಾತ್ರಿ ನಿಂತ ವಾಹನ ಬೆಳಿಗ್ಗೆ ಒಮ್ಮೆ ನೀಲಿ ಹೊಗೆ ಬಿಟ್ಟು ಸುಮ್ಮನಾದರೆ, ವಾಲ್ವ್ ಸೀಲ್‌ಗಳ ಮೂಲಕ ಆಯಿಲ್ ಇಳಿದಿದೆಯೆಂದು ಅರ್ಥ. ಪೆಟ್ರೋಲ್ ವಾಹನ ಘಾಟಿಯನ್ನು ಗೇರಿನಲ್ಲೇ ಇಳಿದು, ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದಾಗ ನೀಲಿ ಮೋಡ ಎದ್ದರೂ ಸೀಲ್ ಅಥವಾ ವಾಲ್ವ್ ಗೈಡ್ ಮೇಲೆಯೇ ಅನುಮಾನ. ಭಾರ ಎಳೆಯುವಾಗಲೆಲ್ಲ ಬರುತ್ತಿದ್ದು, ಆಯಿಲ್ ಮುಚ್ಚಳ ತೆರೆದಾಗ ಒಳಗಿನಿಂದ ಹೊಗೆ ದಬದಬನೆ ಉಕ್ಕುತ್ತಿದ್ದರೆ ಮಾತ್ರ ರಿಂಗ್ ಮತ್ತು ಬೋರ್ ಸವೆದಿರುವ ಸಂಭವ ಹೆಚ್ಚು. ಅದನ್ನು ಕಂಪ್ರೆಷನ್ ಪರೀಕ್ಷೆಯಿಂದ ದೃಢಪಡಿಸಿಕೊಳ್ಳದೆ ಎಂಜಿನ್ ಇಳಿಸಲು ಒಪ್ಪಬಾರದು. ಟರ್ಬೊದಿಂದ ಎಂಜಿನ್ನಿಗೆ ಹೋಗುವ ಹೋಸಿನಲ್ಲಿ ಆಯಿಲ್ ಮಡುಗಟ್ಟಿದ್ದರೆ ದೋಷ ಟರ್ಬೊದ ಸೀಲಿನಲ್ಲಿರಬಹುದು. ಅದನ್ನು ಅಲಕ್ಷಿಸಿದರೆ ಡೀಸೆಲ್ ಎಂಜಿನ್ ತನ್ನ ಆಯಿಲನ್ನೇ ಇಂಧನವಾಗಿ ಕುಡಿದು ಹತೋಟಿ ಮೀರಿ ಓಡುವ ಅಪಾಯವಿದೆ.

ಈ ಕ್ರಮವನ್ನು ಬಿಟ್ಟು ಅಡ್ಡದಾರಿ ಹಿಡಿಯುವವರುಂಟು. ದಪ್ಪ ಆಯಿಲ್ ಸುರಿದರೆ ನೀಲಿ ಹೊಗೆ ಕೆಲಕಾಲ ಅಡಗುತ್ತದೆ, ಸವೆತ ನಿಲ್ಲುವುದಿಲ್ಲ. ಥರ್ಮೋಸ್ಟಾಟ್ ಕಿತ್ತೆಸೆದರೆ ಎಂಜಿನ್ ಕಾಯದೆ, ಸುಡದ ಡೀಸೆಲ್ ಹೆಚ್ಚುತ್ತದೆ. ಸೀಮೆಎಣ್ಣೆ ಬೆರೆಸಿದರೆ ಜಿಡ್ಡಿನ ಆಸರೆಯಿಲ್ಲದೆ ಪಂಪ್ ಸವೆಯುತ್ತದೆ. ಹೊಗೆ ತಪಾಸಣೆಯ ದಿನ ಮಾತ್ರ ಪಂಪಿನ ಡೀಸೆಲ್ ಇಳಿಸಿ ಮರುದಿನ ಏರಿಸುವುದಂತೂ ತನ್ನ ಮಕ್ಕಳ ಶ್ವಾಸಕ್ಕೇ ಮಾಡಿಕೊಳ್ಳುವ ವಂಚನೆ.

ಶ್ವಾಸದ ಮಾತು ಅಲಂಕಾರಕ್ಕೆ ಬಂದುದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯು 2012ರ ಜೂನ್‌ನಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅದರ ಕಣಗಳು ತಲೆಗೂದಲಿನ ದಪ್ಪಕ್ಕಿಂತ ಹತ್ತಾರು ಪಟ್ಟು ಸಣ್ಣವು. ಶ್ವಾಸಕೋಶದ ತುದಿಯವರೆಗೂ ಇಳಿಯಬಲ್ಲವು. ಹಿಂಬದಿ ತೆರೆದ ಜೀಪಿನಲ್ಲಿ ಹೊಗೆ ಸುಳಿದು ಒಳನುಗ್ಗುವುದು ಹಿಂದಿನ ಸೀಟಿಗೆ. ಅಲ್ಲಿ ಕುಳಿತಿರುವವರು ಶಾಲೆಯ ಮಕ್ಕಳು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಮೇರೆಗೆ ಬಿಎಸ್-4ಕ್ಕಿಂತ ಹಳೆಯ ಡೀಸೆಲ್ ವಾಹನದ ಹೊಗೆಯ ಮಿತಿ 65 ಹಾರ್ಟ್‌ರಿಜ್ ಘಟಕ. ಬಿಎಸ್-4 ವಾಹನಕ್ಕೆ 50. ತಪಾಸಣಾ ಪತ್ರದಲ್ಲಿ ಮುದ್ರಿತವಾಗುವ ಈ ಅಂಕಿಯನ್ನು ಮಾಲೀಕರು ಓದುವುದು ವಿರಳ. ಒಂದು ಪತ್ರದಿಂದ ಮುಂದಿನ ಪತ್ರಕ್ಕೆ ಅದು ಏರುತ್ತಿದ್ದರೆ ರೋಗ ಬೆಳೆಯುತ್ತಿದೆಯೆಂದೇ ತಿಳಿಯಬೇಕು.

ಹಾಗಾದರೆ ದುರಸ್ತಿ ಎಲ್ಲಿಯವರೆಗೆ, ವಿದಾಯ ಯಾವಾಗ? ಇದಕ್ಕೆ ಉತ್ತರ ಕೊಡುವುದು ಒಂದು ಚಿಕ್ಕ ಪುಸ್ತಕ. ದಿನಾಂಕ, ಓಡಿದ ಕಿಲೋಮೀಟರ್, ಹಾಕಿದ ಡೀಸೆಲ್, ಸುರಿದ ಆಯಿಲ್, ಸೇರಿಸಿದ ನೀರು, ಕಂಡ ಹೊಗೆಯ ಬಣ್ಣ, ಇಷ್ಟನ್ನು ಅದರಲ್ಲಿ ಬರೆದಿಟ್ಟರೆ ಸಾಕು. ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಕುಡಿಯುವ ಎಂಜಿನ್ ಇಪ್ಪತ್ತು ಸಾವಿರ ಕಿಲೋಮೀಟರಿನಲ್ಲಿ ಇಪ್ಪತ್ತು ಲೀಟರನ್ನು ಕಾಡಿನ ಗಾಳಿಗೆ ಸೇರಿಸಿರುತ್ತದೆ. ಆ ಆಯಿಲ್ಲಿನ ಬೆಲೆ, ವ್ಯರ್ಥವಾದ ಡೀಸೆಲ್ಲಿನ ಬೆಲೆ, ದುರಸ್ತಿಯ ಅಂದಾಜು, ದುರಸ್ತಿಯ ಬಳಿಕ ವಾಹನ ಬಾಳುವ ಕಾಲ, ಈ ನಾಲ್ಕನ್ನು ಎದುರೆದುರು ಇಟ್ಟಾಗ ತೀರ್ಮಾನ ಸ್ಪಷ್ಟವಾಗುತ್ತದೆ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿದು ನವೀಕರಣಕ್ಕೆ ಬರುವ ಹೊತ್ತು ಈ ಲೆಕ್ಕಾಚಾರಕ್ಕೆ ಸಕಾಲ. ಬೋರ್ ಸವೆದು, ಹೆಡ್ ಬಿರಿದು, ಚಾಸಿಯೂ ತುಕ್ಕು ಹಿಡಿದಿದ್ದರೆ ವಾಹನಕ್ಕೆ ವಿದಾಯ ಹೇಳುವುದೇ ವಿವೇಕ. ನಾಜಲ್ ಮಾತ್ರ ಕೆಟ್ಟ ವಾಹನಕ್ಕೆ ಅದೇ ಶಿಕ್ಷೆ ವಿಧಿಸುವುದು ಪರಿಸರಕ್ಕೂ ನಷ್ಟವೇ. ಏಕೆಂದರೆ ಹೊಸ ವಾಹನದ ಉಕ್ಕಿಗೂ ಎಲ್ಲೋ ಒಂದು ಬೆಟ್ಟವನ್ನು ಅಗೆಯಬೇಕಾಗುತ್ತದೆ.

ಕೊನೆಯದಾಗಿ, ದುರಸ್ತಿಯ ವೇಳೆ ತೆಗೆದ ಹಳೆಯ ಆಯಿಲನ್ನು ಹಳ್ಳದ ದಂಡೆಯಲ್ಲಿ ಚೆಲ್ಲಿದರೆ ಗಾಳಿಯನ್ನು ಉಳಿಸಿ ನೀರನ್ನು ಕೆಡಿಸಿದಂತಾಗುತ್ತದೆ. ಕಾನೂನು ಅದನ್ನು ಅಪಾಯಕಾರಿ ತ್ಯಾಜ್ಯವೆಂದೇ ಪರಿಗಣಿಸುತ್ತದೆ. ಡಬ್ಬಿಯಲ್ಲಿ ಸಂಗ್ರಹಿಸಿ, ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸುವ ಗ್ಯಾರೇಜಿಗೆ ತಲುಪಿಸಬೇಕು. ಊರಿಗೊಂದು ಡಬ್ಬಿ, ವಾಹನಕ್ಕೊಂದು ಪುಸ್ತಕ, ಹೊಗೆಯನ್ನು ಬಣ್ಣ ಹಿಡಿದು ಓದಬಲ್ಲ ನಾಲ್ಕಾರು ವಿದ್ಯಾರ್ಥಿಗಳು, ಇಷ್ಟು ಒದಗಿದರೆ ಈ ಬೆಟ್ಟಸಾಲಿನ ಪ್ರತಿ ಹಳ್ಳಿಯೂ ತನ್ನ ಹೊಗೆಯ ನಿದಾನವನ್ನು ತಾನೇ ಮಾಡಿಕೊಳ್ಳಬಲ್ಲದು.