ಮೈಸೂರು ನಗರ ಮತ್ತು ಅದರ ಕೈಗಾರಿಕೆಗಳು



ಮೈಸೂರೆಂದೊಡನೆ ಅರಮನೆ, ದಸರೆ, ಮಲ್ಲಿಗೆಗಳು ನೆನಪಿಗೆ ಬರುವುದು ಸಹಜ. ನಾನು ಈ ಹೊತ್ತು ಹೇಳಬೇಕೆಂದಿರುವುದು ಅಷ್ಟು ಸೊಗಸಾದ ವಿಷಯವಲ್ಲ. ಇಲ್ಲಿ ಓದಿದ ಮಕ್ಕಳು ಇಲ್ಲಿಯೇ ದುಡಿದು ಬಾಳುವಂತಾಗಲು ಏನಾಗಬೇಕು ಎಂಬುದೇ ಆ ವಿಷಯ.

ತೊಡಕು ಹಳೆಯದು. 1831ರಲ್ಲಿ ಆಡಳಿತವು ಬ್ರಿಟಿಷ್ ಕಮಿಷನರ ಕೈಸೇರಿದ ಮೇಲೆ ಕಚೇರಿಗಳು ಬೆಂಗಳೂರಿಗೆ ಹೋದುವು. 1881ರಲ್ಲಿ ರಾಜ್ಯವು ಅರಸರಿಗೆ ಮರಳಿತು, ಕಚೇರಿಗಳು ಮರಳಲಿಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗೂ, 1905ರಲ್ಲಿ ಬೆಂಗಳೂರಿಗೂ ಹೋಯಿತು; ಮೈಸೂರಿಗೆ ಬಂದದ್ದು 1908ರಲ್ಲಿ. ಗಣಿಯವರು ಹಣ ತೆರಬಲ್ಲವರಾಗಿದ್ದರು; ತಪ್ಪೆನ್ನುವಂತಿಲ್ಲ.

ಈ ಕೊರತೆಯನ್ನು ಸಂಸ್ಥಾನದ ಸರ್ಕಾರವೇ ತುಂಬಲೆಳಸಿತು. 1912ರಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಬಂದಿತು. 1914ರ ಯುದ್ಧದಿಂದ ಗಂಧದ ಮರವನ್ನು ಹೊರದೇಶಕ್ಕೆ ಕಳುಹಿಸುವುದು ಕಷ್ಟವಾದಾಗ ಎಣ್ಣೆಯನ್ನು ನಾವೇ ತೆಗೆಯೋಣವೆಂದು ಹೊರಟು, 1917ರಲ್ಲಿ ಇಲ್ಲಿ ಕಾರ್ಖಾನೆ ಹೂಡಿದರು. ಸಾಬೂನು ಮಾತ್ರ ಹೆಸರಿಗೆ ಮೈಸೂರಿನದಾಗಿ, ಬೆಂಗಳೂರಿನಲ್ಲಿ ತಯಾರಾಯಿತು! 1937ರಲ್ಲಿ ಸ್ಥಾಪಿತವಾದ ಬಣ್ಣ ಮತ್ತು ಅರಗಿನ ಕಾರ್ಖಾನೆಯ ಅಳಿಸಲಾಗದ ಶಾಯಿಯು 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹತ್ತುತ್ತಿದೆ.

ಇವೆಲ್ಲ ಹೆಮ್ಮೆಯ ಕಾರ್ಯಗಳೇ. ಆದರೆ ಸರ್ಕಾರವೇ ಉದ್ಯಮಿಯಾದ ಊರಿನಲ್ಲಿ ಜನರು ನೌಕರಿಯನ್ನು ಅರಸಿದರಲ್ಲದೆ ಉದ್ಯಮವನ್ನು ಅರಸಲಿಲ್ಲವೆಂದು ನನಗೆ ತೋರುತ್ತದೆ. ಉಳಿಸಿದ ಹಣವು ನಿವೇಶನಕ್ಕೆ ಹೋಯಿತು. ಖಾಸಗಿ ಬಂಡವಾಳದಿಂದ ಯಾದವಗಿರಿಯಲ್ಲಿ ತಲೆಯೆತ್ತಿದ ಜಾವಾ ಮೋಟಾರು ಸೈಕಲಿನ ಕಾರ್ಖಾನೆ 1996ರಲ್ಲಿ ಮುಚ್ಚಿಹೋಯಿತು. ಯಂತ್ರಗಳನ್ನು ಮತ್ತೆ ಕೊಂಡುತರಬಹುದು. ಒಡನೆ ಕೆಲಸ ಮಾಡಿ ಪಳಗಿದ ಕಾರ್ಮಿಕರು ಒಮ್ಮೆ ಚೆದುರಿದರೆ ಆ ಕೂಟವನ್ನು ಮತ್ತೆ ಕಟ್ಟುವುದು ಸುಲಭವಲ್ಲ. ಈಚೆಗೆ ಇನ್ಫೋಸಿಸ್ ಸಂಸ್ಥೆಯ ವಿಶಾಲವಾದ ತರಬೇತಿಯ ಆವರಣಕ್ಕೆ ದೇಶದ ನಾನಾ ಕಡೆಗಳಿಂದ ತರುಣರು ಬರುತ್ತಾರೆ. ಕೆಲವು ತಿಂಗಳು ಕಲಿತು, ಅನೇಕರು ಬೇರೆ ಊರುಗಳಿಗೆ ತೆರಳುತ್ತಾರೆ. 1916ರಲ್ಲಿ ವಿಶ್ವವಿದ್ಯಾನಿಲಯವನ್ನು ಪಡೆದ ಊರಿಗೆ ಪಾಠಶಾಲೆಯ ಪಾತ್ರ ಹೊಸದೇನಲ್ಲ.

2023ರಲ್ಲಿ ತೆರೆದ ಬೆಂಗಳೂರಿನ ಹೆದ್ದಾರಿಯಿಂದ ಎಲ್ಲವೂ ಸರಿಹೋಗುವುದೆಂದು ನಂಬುವವರಿದ್ದಾರೆ. ಸುಮಾರು 118 ಕಿಲೋಮೀಟರಿನ ಈ ದಾರಿಯು ಸರಕನ್ನು ತರುವಂತೆಯೇ ಮನುಷ್ಯರನ್ನು ಒಯ್ಯಲೂ ಬಲ್ಲದು. ಮಗನು ಸೋಮವಾರ ಮುಂಜಾನೆ ಹೊರಟು ಶನಿವಾರ ರಾತ್ರಿ ಬರುವುದಾದರೆ ಅವನ ದುಡಿಮೆ ಅಲ್ಲಿಯದು, ಇಲ್ಲಿಯದು ನಿದ್ರೆ ಮಾತ್ರ. ಜೊತೆಗೆ ಹೊರಗಿನವರ ಹಣ ಬಂದು ನಿವೇಶನದ ಬೆಲೆ ಏರಿದರೆ, ಹತ್ತು ಜನರಿಗೆ ಕೆಲಸ ಕೊಡುವ ಸಣ್ಣ ಕಾರ್ಖಾನೆದಾರನು ನೆಲಕ್ಕೇ ಬಂಡವಾಳವನ್ನೆಲ್ಲ ಸುರಿಯಬೇಕಾಗುತ್ತದೆ. ದೊಡ್ಡ ಸಂಸ್ಥೆಗಳಿಗೆ ನೂರಾರು ಎಕರೆ ಒದಗಿಸುವ ಉತ್ಸಾಹದಲ್ಲಿ ಕಾಲು ಭಾಗವಾದರೂ ಇವನಿಗಾಗಿ, ಬಾಡಿಗೆಗೆ ದೊರೆಯುವ ಶೆಡ್ಡುಗಳನ್ನು ಕಟ್ಟುವುದರಲ್ಲಿ ತೋರಬೇಕು.

ಕೊಳ್ಳುವವರಿಲ್ಲವೆಂಬ ಮಾತು ಎಲ್ಲ ಸರಕಿಗೂ ಸಲ್ಲದು. ಮೈಸೂರು ರೇಷ್ಮೆಯ ಸೀರೆಗಾಗಿ ಹೆಂಗಸರು ಅಂಗಡಿಯ ಮುಂದೆ ಸರದಿ ನಿಂತದ್ದನ್ನು ಈಚಿನ ವರ್ಷಗಳಲ್ಲಿ ಕಂಡಿದ್ದೇವೆ. ನೂರು ವರ್ಷಗಳಿಗೂ ಮೀರಿದ ಹೆಸರಿದೆ, ಹಣ ಹಿಡಿದು ನಿಂತವರಿದ್ದಾರೆ, ಸೀರೆ ಸಾಲದು. ನೇಯ್ಗೆಯನ್ನು ಕಲಿಸುವ ಏರ್ಪಾಡನ್ನು ಈ ಬೇಡಿಕೆಯ ಅಳತೆಗೆ ಹಿಗ್ಗಿಸುವುದಕ್ಕೆ ಹೊಸ ಹೆದ್ದಾರಿಯೇನೂ ಬೇಕಿಲ್ಲ.