ಶ್ರುತಿ ಬಿಡದ ಘಟ



ಅಮೆರಿಕದ ‘ಗ್ರೇಟ್‌ಫುಲ್ ಡೆಡ್’ ರಾಕ್ ತಂಡದ ಹಿರಿಯ ಡ್ರಮ್ ವಾದಕ ಮಿಕ್ಕಿ ಹಾರ್ಟ್ 1991ರಲ್ಲಿ ‘ಪ್ಲಾನೆಟ್ ಡ್ರಮ್’ ಎಂಬ ಧ್ವನಿಮುದ್ರಿಕೆಗಾಗಿ ಲಯವಾದ್ಯಗಾರರ ಕೂಟವೊಂದನ್ನು ಕಟ್ಟಿದರು. ನೈಜೀರಿಯದ ಬಾಬಾತುಂಡೆ ಒಲಾತುಂಜಿ, ಜಾಝ್ ವಲಯದಲ್ಲಿ ಹೆಸರಾದ ಬ್ರೆಜಿಲ್ಲಿನ ಐರ್ತೊ ಮೊರೇರ, 2024ರಲ್ಲಿ ನಮ್ಮನ್ನಗಲಿದ ಝಾಕಿರ್ ಹುಸೇನ್ ಮೊದಲಾದವರೊಡನೆ ಈ ಚೆನ್ನೈ ನಗರದ ವಿದ್ವಾನ್ ಟಿ. ಎಚ್. ವಿನಾಯಕರಾಂ ಅವರೂ ಘಟವನ್ನು ನುಡಿಸಿದರು. ವಿಶ್ವಸಂಗೀತ ವಿಭಾಗದ ಮೊಟ್ಟಮೊದಲ ಗ್ರ್ಯಾಮಿ ಪ್ರಶಸ್ತಿ 1992ರಲ್ಲಿ ಆ ಮುದ್ರಿಕೆಗೆ ಸಂದಿತು. ಅಂದಿನ ಕೂಟ ಹಾಗೆಯೇ ಉಳಿಯಲಿಲ್ಲ. 2007ರಲ್ಲಿ ಹಾರ್ಟ್ ಮತ್ತು ಝಾಕಿರ್ ‘ಗ್ಲೋಬಲ್ ಡ್ರಮ್ ಪ್ರಾಜೆಕ್ಟ್’ ಹೆಸರಿನಲ್ಲಿ ಮತ್ತೆ ಕೂಡಿದಾಗ ಇದ್ದವರು ನಾಲ್ವರು. ವಿನಾಯಕರಾಂ ಅವರಲ್ಲಿರಲಿಲ್ಲ.

ಅಲ್ಪಾಯುಷಿಯಾದ ಆ ಕೂಟದಿಂದ ಹೊರನಾಡಿಗರಾದ ನಾವು ಕಲಿಯುವುದೇನು? ಕರ್ನಾಟಕ ಸಂಗೀತದ ಕಛೇರಿಯಲ್ಲಿ ಘಟ ಉಪಪಕ್ಕವಾದ್ಯ. ತನಿ ಆವರ್ತನದಲ್ಲೂ ಮೃದಂಗದ ಬಳಿಕವೇ ಅದರ ಸರದಿ. ಚರ್ಮವಾದ್ಯವನ್ನು ಬಿಗಿದು ಶ್ರುತಿ ಏರಿಸಬಹುದು. ಆವೆಯಲ್ಲಿ ಬೆಂದ ಮಣ್ಣಿಗೆ ಆ ಅನುಕೂಲವಿಲ್ಲ. ಆದುದರಿಂದಲೇ ವಾದಕರು ಬೇರೆ ಬೇರೆ ಶ್ರುತಿಯ ಘಟಗಳನ್ನು ಇರಿಸಿಕೊಳ್ಳುತ್ತಾರೆ. ಇಂತಹ ವಾದ್ಯ ಪರದೇಶಗಳ ಲಯವಾದ್ಯಗಳ ನಡುವೆ ಸಮಾನ ಸ್ಥಾನ ಪಡೆಯಿತು. ತನ್ನ ಸೊಲ್ಲು, ತನ್ನ ಲೆಕ್ಕಾಚಾರಗಳನ್ನು ಬಿಡದೆ ಅದು ಇತರರ ಲಯಕ್ಕೂ ಕಿವಿಗೊಟ್ಟಿತು.

ಅದೇ 1991ರ ಡಿಸೆಂಬರಿನಲ್ಲಿ, ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ಹಿನ್ನೆಲೆಯಲ್ಲಿ ಬೆಂಗಳೂರಿನಲ್ಲಿ ತಮಿಳರ ಮೇಲೆ ಹಿಂಸಾಚಾರ ನಡೆಯಿತು. ತಮಿಳುನಾಡಿನ ಕನ್ನಡಿಗರೂ ಭೀತಿಗೊಳಗಾದರು. ನೀರಿನ ವ್ಯಾಜ್ಯ ನ್ಯಾಯಾಲಯದಲ್ಲಿ ತೀರ್ಮಾನವಾಗಬೇಕಾದದ್ದು. ಅದರ ದಂಡವನ್ನು ನೆರೆಮನೆಯವನು ತೆರಬೇಕಾಗಿ ಬಂದುದು ಎರಡೂ ನಾಡುಗಳಿಗೆ ಕಳಂಕ.

ಆ ದಿನಗಳಲ್ಲೂ ಕಡಿಯದ ನಂಟೊಂದಿದೆ. ಚೆನ್ನೈನಲ್ಲಿ ವಿನಾಯಕರಾಂ ಹಾಗೂ ಅವರ ತಂದೆ ಹರಿಹರ ಶರ್ಮರ ಬಳಿ ಕಲಿತ ಸುಕನ್ಯಾ ರಾಮಗೋಪಾಲ್ ಬೆಂಗಳೂರಿನಲ್ಲಿ ನೆಲೆಸಿದರು. ಬೇರೆ ಬೇರೆ ಶ್ರುತಿಯ ಘಟಗಳನ್ನು ಜೋಡಿಸಿ ‘ಘಟತರಂಗ’ವನ್ನು ರೂಪಿಸಿದರು, 1995ರಲ್ಲಿ ಮಹಿಳೆಯರದೇ ಆದ ‘ಸ್ತ್ರೀ ತಾಳ್ ತರಂಗ್’ ವಾದ್ಯವೃಂದವನ್ನು ಕಟ್ಟಿದರು. ತಮಿಳು ನೆಲದಲ್ಲಿ ಕಲಿತ ವಿದ್ಯೆ ಕನ್ನಡ ನೆಲದಲ್ಲಿ ಹೊಸ ಫಲ ಕೊಟ್ಟಿತು.

ಕೇಂದ್ರ ಸರ್ಕಾರದ ಸೇವೆಯಲ್ಲಿ ಹಲವು ರಾಜ್ಯಗಳ ನೀರು ಕುಡಿದ ನಾನು ಹೊರನಾಡ ಸಂಘಗಳಲ್ಲಿ ಎರಡು ಪ್ರವೃತ್ತಿಗಳನ್ನು ಕಂಡಿದ್ದೇನೆ: ಬಾಗಿಲು ಮುಚ್ಚಿಕೊಂಡು ಕುಳಿತಿರುವುದು, ಇಲ್ಲವೇ ಕಲಿತ ಅಕ್ಷರವನ್ನೇ ಮರೆತುಬಿಡುವುದು. ಎರಡೂ ಬೇಡ. ಮನೆಯಲ್ಲಿ ಮಕ್ಕಳಿಗೆ ಕನ್ನಡ ಓದುಬರಹ ಕಲಿಸೋಣ. ಹೊರಗೆ ತಮಿಳನ್ನು ಗೌರವದಿಂದ ಆಡೋಣ. ಮುಂದಿನ ರಾಜ್ಯೋತ್ಸವದಲ್ಲಿ ಈ ಊರಿನ ಲಯವಿದ್ವಾಂಸರೊಬ್ಬರಿಗೂ ನಮ್ಮ ವೇದಿಕೆಯಲ್ಲಿ ಸ್ಥಾನವಿರಲಿ ಎಂದು ಕಾರ್ಯಕಾರಿ ಸಮಿತಿಯನ್ನು ಪ್ರಾರ್ಥಿಸಿ, ನನ್ನ ಮಾತು ಮುಗಿಸುತ್ತೇನೆ.