ಮೆಕ್ಸಿಕೊದ ಕಪಿತಾನೆಸ್: ಒಂದು ಬ್ಯಾಸ್ಕೆಟ್‌ಬಾಲ್ ತಂಡದ ಕಥೆ

(ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಹೊರದೇಶದ ಅನುಭವ ಹೇಳಿ ಎಂದು ಮುಖ್ಯೋಪಾಧ್ಯಾಯರು ಕೇಳಿದ್ದಾರೆ. ಕಂಪನಿ ಕೆಲಸದ ಮೇಲೆ 2022ರಿಂದ ಎರಡು ವರ್ಷ ನಾನು ಮೆಕ್ಸಿಕೊ ನಗರದಲ್ಲಿದ್ದೆ. ಆಫೀಸಿನ ಕಥೆ ಹೇಳಿದರೆ ಊಟಕ್ಕೆ ಮುಂಚೆಯೇ ನಿಮಗೆಲ್ಲ ನಿದ್ದೆ ಬರುತ್ತದೆ. ಅದರ ಬದಲು ಅಲ್ಲಿ ನನಗೆ ಹುಚ್ಚು ಹಿಡಿಸಿದ ಒಂದು ಬ್ಯಾಸ್ಕೆಟ್‌ಬಾಲ್ ತಂಡದ ವಿಷಯ ಹೇಳುತ್ತೇನೆ. ಶಾಲೆಯಲ್ಲಿ ನಾನು ಎಂಥ ಆಟಗಾರ ಎನ್ನುವುದು ನಮ್ಮ ಪಿ.ಟಿ. ಮೇಷ್ಟ್ರಿಗೆ ಗೊತ್ತು. ಸಾರ್, ದಯವಿಟ್ಟು ನಗಬೇಡಿ.

ಮೆಕ್ಸಿಕೊ ಎಂದರೆ ಎಲ್ಲರಿಗೂ ಫುಟ್‌ಬಾಲ್ ನೆನಪಾಗುತ್ತದೆ. ನನಗೂ ಅಷ್ಟೇ ಗೊತ್ತಿದ್ದದ್ದು. ಆದರೆ ಬ್ಯಾಸ್ಕೆಟ್‌ಬಾಲ್ ಮೊದಲ ಸಲ ಒಲಿಂಪಿಕ್ಸ್ ಪದಕದ ಆಟವಾದದ್ದು 1936ರಲ್ಲಿ, ಬರ್ಲಿನ್‌ನಲ್ಲಿ; ಅಲ್ಲಿ ಬಯಲಿನ ಮಣ್ಣಿನ ಅಂಕಣದಲ್ಲಿ ಆಡಿ ಮೂರನೆಯ ಸ್ಥಾನ ಪಡೆದ ದೇಶ ಮೆಕ್ಸಿಕೊ. ದಕ್ಷಿಣದ ಓಹಾಕಾ ಎಂಬ ಗುಡ್ಡಗಾಡು ರಾಜ್ಯದಲ್ಲಂತೂ ಹಳ್ಳಿಯ ನಟ್ಟನಡುವೆ ಸಿಮೆಂಟಿನ ಬ್ಯಾಸ್ಕೆಟ್‌ಬಾಲ್ ಅಂಕಣ ಇರುತ್ತದೆ. ಹಬ್ಬದ ಕುಣಿತವೂ ಅಲ್ಲೇ, ಊರಿನ ಸಭೆಯೂ ಅಲ್ಲೇ. ಅಲ್ಲಿನ ಗೆಲಟಾವೊ ಎಂಬ ಸಣ್ಣ ಊರಿನಲ್ಲಿ ಮಾರ್ಚ್ 21ರ ಸುಮಾರಿಗೆ, ಅಂದರೆ ಅಲ್ಲೇ ಹುಟ್ಟಿದ ಅಧ್ಯಕ್ಷ ಬೆನಿಟೊ ಹುವಾರೆಸ್ ಜಯಂತಿಗೆ, ದೊಡ್ಡ ಪಂದ್ಯಾವಳಿ ನಡೆಯುತ್ತದೆ. ಸುತ್ತಲ ಹಳ್ಳಿಗಳೆಲ್ಲ ಇಳಿದು ಬರುತ್ತವೆ. ನನ್ನ ಪಕ್ಕದ ಮೇಜಿನ ಸಹೋದ್ಯೋಗಿ ಆ ಕಡೆಯವನೇ. ಅವನ ತಂದೆ ಪ್ರಾಯದಲ್ಲಿ ಆ ಪಂದ್ಯಾವಳಿ ಆಡಿದವರು.

ಈಗ ನನ್ನ ತಂಡಕ್ಕೆ ಬರುತ್ತೇನೆ. ಹೆಸರು ಕಪಿತಾನೆಸ್, ಅಂದರೆ ನಾಯಕರು. 2016ರಲ್ಲಿ ಹುಟ್ಟಿ, ಮಾರನೆಯ ವರ್ಷ ಮೆಕ್ಸಿಕೊದ ರಾಷ್ಟ್ರೀಯ ಲೀಗ್‌ನಲ್ಲಿ ಆಡಲು ಶುರುಮಾಡಿತು. ಆಡುತ್ತಿದ್ದದ್ದು 1968ರ ಒಲಿಂಪಿಕ್ಸ್‌ನ ವಾಲಿಬಾಲ್‌ಗೆ ಕಟ್ಟಿದ ಒಂದು ಹಳೆಯ ಒಳಾಂಗಣದಲ್ಲಿ. ಮೊದಲೆರಡು ಋತುಗಳಲ್ಲೂ ಫೈನಲ್ ಮುಟ್ಟಿತು, ಎರಡನ್ನೂ ಸೋತಿತು. ಆ ಲೀಗ್‌ನಲ್ಲಿ ತಂಡಗಳು ಹುಟ್ಟುವುದೂ ದುಡ್ಡು ಸಾಲದೆ ಬಾಗಿಲು ಹಾಕುವುದೂ ಹೊಸದಲ್ಲ. ಇದು ನಿಂತಿತಲ್ಲ ಎನ್ನುವುದೇ ಸಮಾಧಾನ.

2019ರ ಡಿಸೆಂಬರ್ 12ರಂದು ಅಮೆರಿಕದ ಎನ್‌ಬಿಎ ಮುಖ್ಯಸ್ಥ ಆಡಂ ಸಿಲ್ವರ್ ಮೆಕ್ಸಿಕೊ ನಗರಕ್ಕೇ ಬಂದು, ಈ ತಂಡವನ್ನು ತಮ್ಮ ಜಿ ಲೀಗ್‌ಗೆ ಸೇರಿಸಿಕೊಳ್ಳುವುದಾಗಿ ಸಾರಿದರು. ಜಿ ಲೀಗ್ ಎಂದರೆ ಎನ್‌ಬಿಎಗೆ ಏರುವ ಮೆಟ್ಟಿಲು, 2001ರಿಂದ ನಡೆಯುತ್ತಿದೆ. ಅಮೆರಿಕ, ಕೆನಡಾ ಬಿಟ್ಟು ಹೊರಗಿನ ತಂಡ ಅದರೊಳಗೆ ಬಂದದ್ದು ಇದೇ ಮೊದಲು. ಅಲ್ಲಿನ ಹೆಚ್ಚಿನ ತಂಡಗಳಿಗೆ ಒಂದೊಂದು ಎನ್‌ಬಿಎ ತಂಡ ಯಜಮಾನ. ಕಪಿತಾನೆಸ್‌ಗೆ ಅಂಥ ಯಜಮಾನರಿಲ್ಲ.

ಆಡಬೇಕಿದ್ದದ್ದು 2020ರಲ್ಲಿ. ಕೊರೊನಾ ಬಂತು. 2021ರಲ್ಲಿ ಅಂತೂ ಶುರುವಾಯಿತು, ಆದರೆ ಗಡಿ ದಾಟಿ ಹೋಗಿಬರುವುದು ಆಗಲಿಲ್ಲ. ಟೆಕ್ಸಾಸ್‌ನ ಫೋರ್ಟ್‌ವರ್ತ್‌ನಲ್ಲಿ ಬಿಡಾರ ಹೂಡಿ, ಆ ವರ್ಷದ ಪಂದ್ಯಗಳನ್ನೆಲ್ಲ ಅಮೆರಿಕದಲ್ಲೇ ಆಡಿದರು. ಎದೆಯ ಮೇಲೆ ಮೆಕ್ಸಿಕೊ ನಗರದ ಹೆಸರು. ಆ ನಗರದಲ್ಲಿ ಒಂದೇ ಒಂದು ಪಂದ್ಯವಿಲ್ಲ. ಹಾಗಿದ್ದೂ ಅಲ್ಲಿಂದಲೇ ಆ ಡಿಸೆಂಬರ್‌ನಲ್ಲಿ ಅಲ್ಫಾನ್ಸೊ ಮೆಕಿನಿ ಎಂಬ ಆಟಗಾರನನ್ನು ಷಿಕಾಗೊ ಬುಲ್ಸ್ ಕರೆಸಿಕೊಂಡಿತು.

ನಾನು ಹೋದ ವರ್ಷವೇ ತಂಡ ಊರಿಗೆ ಮರಳಿತು. ಈ ಸಲ 20,000ಕ್ಕೂ ಹೆಚ್ಚು ಜನ ಹಿಡಿಸುವ ಅರೇನಾದಲ್ಲಿ. (ಅದೇ ಅರೇನಾದಲ್ಲಿ 2013ರಲ್ಲಿ ಜನರೇಟರ್ ಹೊತ್ತಿ ಹೊಗೆ ತುಂಬಿಕೊಂಡು ಒಂದು ಎನ್‌ಬಿಎ ಪಂದ್ಯವೇ ರದ್ದಾಗಿತ್ತು. ಜನರೇಟರ್ ಕೈಕೊಡುವುದು ನಮ್ಮ ಜಾತ್ರೆಯಲ್ಲಿ ಮಾತ್ರವಲ್ಲ.) ಊರು ಇರುವುದು 2,240 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಮುನ್ನೂರು ಮೀಟರ್ ಮೇಲೆ! ಹೊರಗಿನಿಂದ ಬಂದ ತಂಡದವರು ಕೊನೆಯ ಹೊತ್ತಿಗೆ ಮೊಣಕಾಲು ಹಿಡಿದು ನಿಲ್ಲುವುದನ್ನು ನೋಡಿದ್ದೇನೆ. ಮೊದಲ ತಿಂಗಳು ಆಫೀಸಿನ ಮೆಟ್ಟಿಲು ಹತ್ತುವಾಗ ನಾನೂ ಹಾಗೆಯೇ ನಿಲ್ಲುತ್ತಿದ್ದೆ.

ಆದರೆ ನನ್ನ ಸಹೋದ್ಯೋಗಿ ಮಾತ್ರ ಬರುತ್ತಿರಲಿಲ್ಲ. "ನಮ್ಮ ಲೀಗ್ ಬಿಟ್ಟು ಅವರ ಲೀಗ್‌ಗೆ ಹೋದರು. ಆಡುವವರಲ್ಲಿ ಹೆಚ್ಚಿನವರು ಅಮೆರಿಕದವರು. ಅಂಗಿಯ ಮೇಲೆ ನಮ್ಮ ಊರಿನ ಹೆಸರು ಬರೆದರೆ ನಮ್ಮ ತಂಡವೇ?" ಎನ್ನುತ್ತಿದ್ದ. ಅವನ ಮಾತು ಸುಳ್ಳಲ್ಲ. ಅವನಿಗೆ ಉತ್ತರ ಕೊಡಲು ಹೋಗಿ ನಾನು ತಡವರಿಸಿದ್ದೇನೆ, ಏಕೆಂದರೆ ಅದು ನನಗೂ ತಾಗುವ ಪ್ರಶ್ನೆ. ಈ ಶಾಲೆಯ ಹೆಸರು ಹೇಳಿಕೊಂಡು ತಿರುಗುವ ನಾನು ಹಬ್ಬಕ್ಕೂ ಊರಿಗೆ ಬಾರದೆ ಎಷ್ಟು ವರ್ಷವಾಗಿತ್ತು ಎಂದು ಅವ್ವನನ್ನು ಕೇಳಿ, ಹೇಳುತ್ತಾಳೆ.

ನಾನು ಹುವಾನ್ ಟೊಸ್ಕಾನೊ ಆಂಡರ್ಸನ್ ಹೆಸರು ಹೇಳಿದೆ. ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಬೆಳೆದವನು, ತಾಯಿಯ ಕಡೆಯಿಂದ ಮೆಕ್ಸಿಕೊದವನು. ಅಮೆರಿಕದಲ್ಲಿ ಅವಕಾಶ ಸಿಗದಿದ್ದಾಗ ಮೆಕ್ಸಿಕೊದ ಲೀಗ್‌ಗೆ ಬಂದು ಮೆಹಿಕಾಲಿ, ಮಾಂಟೆರ್ರೆ ತಂಡಗಳಲ್ಲಿ ಆಡಿ, ಅಲ್ಲಿಂದ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಸೇರಿ 2022ರಲ್ಲಿ ಎನ್‌ಬಿಎ ಗೆದ್ದ. 2023ರ ಕೊನೆಯಲ್ಲಿ ಕೆಲವು ವಾರ ಕಪಿತಾನೆಸ್‌ಗೂ ಆಡಿದ. "ಇವನು ಎಲ್ಲಿಯವನು ಹೇಳು" ಎಂದೆ. ಅವನು ಸುಮ್ಮನೆ ನಕ್ಕ.

ಕೊನೆಗೆ ಅವನನ್ನು ಎಳೆದು ತಂದದ್ದು ನಾನಲ್ಲ, ಅವನ ತಂದೆ. ಕಣ್ಣಿನ ಡಾಕ್ಟರಿಗೆ ತೋರಿಸಲು ಹಳ್ಳಿಯಿಂದ ಬಂದಿದ್ದರು. ಆಟವಿದೆ ಎಂದು ತಿಳಿದು ಹಟ ಹಿಡಿದರು. ನಾವು ಮೂವರು ಹೋದೆವು. ಅಜ್ಜ ಟೋಪಿ ತೊಡೆಯ ಮೇಲಿಟ್ಟುಕೊಂಡು ಮಾತಿಲ್ಲದೆ ನೋಡುತ್ತಿದ್ದರು. ಜಿ ಲೀಗ್‌ನಲ್ಲಿ ಒಂದು ನಿಯಮವಿದೆ: ಫೌಲ್ ಆದರೆ ಎರಡು ಫ್ರೀ ಥ್ರೋ ಬದಲು ಒಂದೇ ಎಸೆತ, ಬುಟ್ಟಿಗೆ ಬಿದ್ದರೆ ಎರಡೂ ಅಂಕ. ಹೊತ್ತು ಉಳಿಸಲು ಮಾಡಿದ್ದು. ಅಜ್ಜನಿಗೆ ಇದು ಸರಿಬರಲಿಲ್ಲ. ಪ್ರತಿ ಸಲವೂ "ಎರಡನೆಯದು ಎಲ್ಲಿ?" ಎಂದು ಗೊಣಗುತ್ತಿದ್ದರು. ಮಗ ವಿವರಿಸಿದ, ಅವರು ಒಪ್ಪಲಿಲ್ಲ. "ನಮ್ಮ ಊರಿನಲ್ಲಿ ಎರಡು."

ಕೊನೆಯ ಎರಡು ನಿಮಿಷಕ್ಕೆ ಮಾತ್ರ ಹಳೆಯ ನಿಯಮವೇ ಮತ್ತೆ ಬರುತ್ತದೆ. ನಮ್ಮವನೊಬ್ಬ ಗೆರೆಗೆ ಬಂದ, ಅಮೆರಿಕದ ಹುಡುಗ. ಮೊದಲನೆಯದನ್ನು ಹಾಕಿದ. ಚೆಂಡು ಮತ್ತೆ ಅವನ ಕೈಗೇ ಬಂತು. ಅಜ್ಜ ಎದ್ದು ನಿಂತು ಟೋಪಿ ತಲೆಗೆ ಹಾಕಿಕೊಂಡರು. "ಈಗ ಸರಿ" ಎಂದರು. ಅವರ ಪಕ್ಕದಲ್ಲಿ ಮಗನೂ ಎದ್ದ. ಮುಂದಿನ ವಾರ ಟಿಕೆಟ್ ತೆಗೆಸಿದವನು ಅವನೇ.